ಮೊದಲು ಕಾಳು ಅಳೆಯಿರಿ, ಆಮೇಲೆ ನವಣೆ

ಪ್ರಶ್ನೆ: ನನಗೆ 49 ವರ್ಷ, ತೂಕ 62 ಕೆ.ಜಿ. ಬನಶಂಕರಿಯಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಮುಟ್ಟು ನಿಂತು ಏಳು ತಿಂಗಳಾಯಿತು. ರಾತ್ರಿ ಎರಡು ಮೂರು ಸಲ ಮೈಗೆ ಝಳ ಹೊಡೆದ ಹಾಗಾಗಿ, ಕತ್ತೆಲ್ಲ ಬೆವೆತು ಎಚ್ಚರವಾಗುತ್ತದೆ. ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತದೆ, ಹೊಟ್ಟೆ ಮಾತ್ರ ಬರುತ್ತಿದೆ. ನಾವು ಸಸ್ಯಾಹಾರಿಗಳು. ಮಗಳು ಆ್ಯಪ್‌ನಲ್ಲಿ ತರಿಸಿದ ‘ಪ್ರೋಟೀನ್ ಗ್ರೇನ್ ಬೌಲ್’ ನೋಡಿ ನಾನೂ ಮಧ್ಯಾಹ್ನಕ್ಕೆ ಅದನ್ನೇ ಮಾಡಿಕೊಳ್ಳುತ್ತಿದ್ದೇನೆ: ಒಂದು ಲೋಟ ಬೇಯಿಸಿದ ನವಣೆ, ಸೌತೆಕಾಯಿ, ಕ್ಯಾರೆಟ್, ದಾಳಿಂಬೆ, ಮೇಲೆ ಎರಡು ಚಮಚ ಮೊಳಕೆ ಹೆಸರುಕಾಳು, ನಿಂಬೆರಸ. ಆದರೂ ನಾಲ್ಕು ಗಂಟೆಗೆಲ್ಲ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಸೋಯಾ ತಿಂದರೆ ಝಳ ಕಡಿಮೆಯಾಗುತ್ತದೆ ಅಂತಾರೆ, ಆದರೆ ನನಗೆ ಥೈರಾಯ್ಡ್ ಮಾತ್ರೆ ಇದೆ. ಹುರುಳಿ ಉಷ್ಣ, ಈಗ ಮುಟ್ಟಲೇಬೇಡ ಅಂತ ನಮ್ಮತ್ತೆ ಹೇಳುತ್ತಾರೆ. ಕಾಳು ಜಾಸ್ತಿಯಾದರೆ ಗ್ಯಾಸ್ ಬೇರೆ. ಅತ್ತೆಯೂ ಅದನ್ನೇ ತಿನ್ನಬಹುದೇ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಅದರ ಅಂಚಿನಲ್ಲೇ ಲೆಕ್ಕ ಹಾಕಿದೆ. ಒಂದು ಲೋಟ ಬೆಂದ ನವಣೆ ಅಂದರೆ ಸುಮಾರು ಐವತ್ತು ಗ್ರಾಂ ಹಸಿ ನವಣೆ. ಅದರಲ್ಲಿ ಪ್ರೋಟೀನ್ ಆರು ಗ್ರಾಂ. ಎರಡು ಚಮಚ ಮೊಳಕೆಯಿಂದ ಎರಡು ಗ್ರಾಂ. ಸೌತೆ, ಕ್ಯಾರೆಟ್, ದಾಳಿಂಬೆ ಎಲ್ಲ ಸೇರಿ ಒಂದು. ಒಟ್ಟು ಒಂಬತ್ತು. ಎರಡು ಇಡ್ಲಿ, ಒಂದು ಸಣ್ಣ ಬಟ್ಟಲು ಗಟ್ಟಿ ಸಾಂಬಾರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಸರು ಪ್ರೋಟೀನ್ ಬೌಲ್, ಒಳಗಿರುವುದು ನವಣೆ ಅನ್ನ ಮತ್ತು ಕೋಸಂಬರಿ. ನಾಲ್ಕು ಗಂಟೆಗೆ ಹಸಿವಾಗದೆ ಇನ್ನೇನಾಗಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮಗೆ ಅದು 51 ಗ್ರಾಂ. ನಲವತ್ತೈದು ದಾಟಿದ ಹೆಂಗಸರಿಗೆ, ಕಿಡ್ನಿ ತೊಂದರೆ ಇಲ್ಲದಿದ್ದರೆ, ನಾನು ಕೆ.ಜಿ.ಗೆ ಒಂದು ಗ್ರಾಂ ಇಟ್ಟುಕೊಳ್ಳಿ ಅನ್ನುತ್ತೇನೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್ ಇಳಿಯುವಾಗ ಮೂಳೆಯ ಜೊತೆ ಸ್ನಾಯುವೂ ಸವೆಯುತ್ತದೆ, ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಜಾಗ ಬದಲಿಸುತ್ತದೆ. ನಿಮ್ಮ ‘ತೊಡೆ ಸೋಲುತ್ತದೆ, ಹೊಟ್ಟೆ ಬರುತ್ತಿದೆ’ ಎನ್ನುವ ಒಂದು ಸಾಲಿನಲ್ಲಿ ಎರಡೂ ಬಂದಿವೆ. ದಿನದ 62 ಗ್ರಾಂ ಅನ್ನು ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ ಇಪ್ಪತ್ತಾದರೂ ಆಯಿತು. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಎರಡು ಚಪಾತಿ ಎನ್ನುವ ಮನೆಗಳಲ್ಲಿ ಮಧ್ಯಾಹ್ನದ ಊಟವೇ ಭಾರ ಹೊರಬೇಕಾಗುತ್ತದೆ. ಅದಕ್ಕೆ ಈ ಬಟ್ಟಲಿನಿಂದ ನಾನು 25 ಗ್ರಾಂ ಮೇಲೆ ನಿರೀಕ್ಷಿಸುತ್ತೇನೆ.

ನೀವು ತಪ್ಪಿದ್ದು ಪ್ರಮಾಣದಲ್ಲಿ, ಪದಾರ್ಥದಲ್ಲಿ ಅಲ್ಲ. ಗ್ರೇನ್ ಬೌಲ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಧಾನ್ಯ ಮೊದಲು ಬಡಿಸಿ, ಉಳಿದ ಜಾಗದಲ್ಲಿ ಕಾಳು ಉದುರಿಸುತ್ತೇವೆ. ತಿರುಗಿಸಿ. ನೆನೆಸುವ ಮೊದಲೇ ಒಣ ಕಾಳು ಐವತ್ತು ಗ್ರಾಂ ಅಳೆಯಿರಿ, ಅಂದರೆ ಕಾಫಿ ಲೋಟದಲ್ಲಿ ಅರ್ಧದಷ್ಟು. ನವಣೆ ಮೂವತ್ತೈದು ಗ್ರಾಂ ಸಾಕು, ಮೂರು ದೊಡ್ಡ ಚಮಚ. ಆ ಕಾಳಿನಿಂದ ಹನ್ನೊಂದು ಗ್ರಾಂ ಪ್ರೋಟೀನ್ ಬಂತು, ನವಣೆಯಿಂದ ನಾಲ್ಕು. ಒಂದು ಎಪ್ಪತ್ತೈದು ಗ್ರಾಂ ತೋಫು, ಅಂದರೆ ಸೋಯಾ ಪನೀರ್, ಹಾಕಿದರೆ ಇನ್ನೊಂದು ಎಂಟು. ಹತ್ತು ಗ್ರಾಂ ಕಡಲೆಬೀಜ, ಒಂದು ದೊಡ್ಡ ಚಮಚ ಎಳ್ಳು, ಒಂದು ಹಿಡಿ ನುಗ್ಗೆಸೊಪ್ಪು, ಈ ಮೂರರಿಂದ ಐದಾರು ಗ್ರಾಂ. ಇಪ್ಪತ್ತೆಂಟರ ಹತ್ತಿರ ಬಂದೆವು, ಪ್ರೋಟೀನ್ ಪುಡಿಯ ಡಬ್ಬ ತೆರೆಯದೆ. ಕ್ಯಾಲೊರಿ 550ರ ಆಸುಪಾಸು, ಒಂದು ಊಟಕ್ಕೆ ಸರಿ. ಧಾನ್ಯದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನೀನ್ ಧಾನ್ಯದಲ್ಲೂ ಎಳ್ಳಿನಲ್ಲೂ ಇದೆ. ಹಾಗಾಗಿ ನವಣೆಯನ್ನು ಪೂರ್ತಿ ಬಿಡಬೇಡಿ, ಸೈಡಿಗೆ ಸರಿಸಿ ಅಷ್ಟೆ.

ಈಗ ಹುರುಳಿಗೆ ಬರೋಣ, ಅತ್ತೆಯವರ ಆಕ್ಷೇಪ ಅಲ್ಲೇ ಇರುವುದು. ಹುರುಳಿ ಉಷ್ಣ, ಹೆಸರು ತಂಪು ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ನಿಮಗೆ ರಾತ್ರಿ ಹೊಡೆಯುವ ಝಳ ಹೊಟ್ಟೆಯಿಂದ ಹುಟ್ಟುವುದಿಲ್ಲ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಮೈ ಶಾಖವನ್ನು ಹಿಡಿತದಲ್ಲಿಡುವ ಜಾಗವಿದೆ. ಮೊದಲು ಮೈ ಶಾಖ ಅಲ್ಪಸ್ವಲ್ಪ ಏರಿದರೂ ಅದು ಸುಮ್ಮನಿರುತ್ತಿತ್ತು. ಈಸ್ಟ್ರೊಜೆನ್ ಇಳಿದ ಮೇಲೆ ಆ ಸಹನೆಯ ಅಂತರ ಕಿರಿದಾಗಿ, ಕೂದಲೆಳೆಯಷ್ಟು ಏರಿದರೂ ‘ತಂಪು ಮಾಡು’ ಎಂದು ಗಂಟೆ ಹೊಡೆಯುತ್ತದೆ. ಚರ್ಮದ ರಕ್ತನಾಳ ಅಗಲವಾಗಿ ಮುಖ ಕೆಂಪಾಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಇದಕ್ಕೆ ಹುರುಳಿ ಕಾರಣವಲ್ಲ. ಆದರೆ ಕುದಿಕುದಿಯುವ ಹುರುಳಿ ಸಾರಿಗೆ ಖಾರ ಜಡಿದು ರಾತ್ರಿ ಒಂಬತ್ತಕ್ಕೆ ಉಂಡರೆ ಕೆಲವರಿಗೆ ಝಳ ಬರುವುದುಂಟು. ಆಗ ದೂರಬೇಕಾದ್ದು ಬಿಸಿ ಮತ್ತು ಖಾರವನ್ನು. ಅದಕ್ಕೇ ಬಟ್ಟಲಿಗೆ ಹುರುಳಿಯನ್ನು ಆರಿಸಿ, ಹಸಿಮೆಣಸಿನಕಾಯಿ ಕಡಿಮೆ ಮಾಡಿ ಹಾಕಿ ಅನ್ನುತ್ತೇನೆ. ನೂರು ಗ್ರಾಂ ಹುರುಳಿಯಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ, ಕ್ಯಾಲ್ಸಿಯಂ ಸುಮಾರು 270 ಮಿಲಿಗ್ರಾಂ. ನಾವು ದಿನಾ ಅಡುಗೆಮನೆಯಲ್ಲಿ ಬಳಸುವ ಬೇಳೆಕಾಳುಗಳಲ್ಲಿ ಕ್ಯಾಲ್ಸಿಯಂ ವಿಷಯಕ್ಕೆ ಅದು ಮುಂದಿನ ಸಾಲಿನದು. ಅತ್ತೆಯವರ ಮನಸ್ಸು ಒಪ್ಪದಿದ್ದರೆ ಜಗಳ ಬೇಡ, ಅರ್ಧ ಹುರುಳಿ ಅರ್ಧ ಹೆಸರು ಹಾಕಿ.

ಆದರೆ ಎರಡನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಬೇಡಿ. ನಾನು ಆ ಸೋಮಾರಿತನ ಮಾಡಿ ಒಂದು ಸೇರು ಕಾಳು ಕೆಡಿಸಿದ್ದೇನೆ. ಹೆಸರು ಬೇಗ ಒಡೆದು ಲೋಳೆಯಾಗಿ ನಾತ ಹೊಡೆಯುವ ಹೊತ್ತಿಗೂ ಹುರುಳಿ ಹಾಗೇ ಕಲ್ಲಿನಂತೆ ಕೂತಿತ್ತು. ಬೇರೆ ಬೇರೆ ಪಾತ್ರೆಯಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ; ಗ್ಯಾಸ್ ಮಾಡುವ ಸಕ್ಕರೆಗಳಲ್ಲಿ ಒಂದು ಪಾಲು ಆ ನೀರಿಗೆ ಇಳಿದಿರುತ್ತದೆ. ಎರಡು ಸಲ ತೊಳೆದು, ನೀರು ಪೂರಾ ಸೋರಿದ ಮೇಲೆ ತೆಳು ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು ತಟ್ಟೆ ಮುಚ್ಚಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೆಸರು ಸಂಜೆಯೊಳಗೆ ಬಾಲ ಬಿಡುತ್ತದೆ, ಹುರುಳಿಗೆ ಮರುದಿನ ಬೆಳಗಾಗಬೇಕು. ಡಿಸೆಂಬರಿನ ಚಳಿಯಲ್ಲಿ ಎರಡಕ್ಕೂ ಇನ್ನೊಂದು ಅರ್ಧ ದಿನ ಸೇರಿಸಿಕೊಳ್ಳಿ. ಬಾಲ ಕಾಳಿನಷ್ಟೇ ಉದ್ದವಾದರೆ ನಿಲ್ಲಿಸಿ ಫ್ರಿಜ್ಜಿಗೆ ಹಾಕಿ. ಉದ್ದುದ್ದ ಮೊಳಕೆ ನೋಡಲು ಚಂದ, ಆದರೆ ಬಾಲ ಬೆಳೆದಷ್ಟೂ ನೀವು ತೂಗುವುದು ನೀರನ್ನು. ಮೊಳಕೆ ಬರುವಾಗ, ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಕಾಳಿನ ಫೈಟೇಟ್ ಇಳಿದು ಕಬ್ಬಿಣ, ಸತು ಮೈಗೆ ಹಿಡಿಯುವುದು ಸುಲಭವಾಗುತ್ತದೆ.

ಹಸಿ ಮೊಳಕೆ ತಿನ್ನಬೇಡಿ. ಬೆಚ್ಚಗಿನ ತೇವದಲ್ಲಿ ಕಾಳಿನ ಜೊತೆಗೆ ಬ್ಯಾಕ್ಟೀರಿಯಾ ಕೂಡ ಬೆಳೆದಿರುತ್ತದೆ. ಹುರುಳಿಗೆ ಕುಕ್ಕರಿನಲ್ಲಿ ಎರಡು ಮೂರು ವಿಷಲ್ ಕೂಗಿಸಿ. ಬೆಂದ ಕಟ್ಟನ್ನು ರಾತ್ರಿಯ ಸಾರಿಗೆ ಎತ್ತಿಡಿ. ಹೆಸರಿಗೆ ಕುಕ್ಕರ್ ಬೇಡ, ಬಾಣಲೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿದರೆ ಏಳೆಂಟು ನಿಮಿಷದಲ್ಲಿ ಬೇಯುತ್ತದೆ. ಒಂದು ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ತುರಿದ ಶುಂಠಿ ಹಾಕಿ ಎರಡೂ ಕಾಳು ಒಗ್ಗರಿಸಿ. ಗ್ಯಾಸ್ ವಿಷಯದಲ್ಲಿ ಇನ್ನೊಂದು ಮಾತು: ಎರಡು ಚಮಚದಿಂದ ಅರ್ಧ ಲೋಟಕ್ಕೆ ಒಂದೇ ದಿನ ಹಾರಬೇಡಿ. ಮೊದಲ ವಾರ ಇಪ್ಪತ್ತು ಗ್ರಾಂ, ಮುಂದಿನ ವಾರ ಮೂವತ್ತೈದು, ಆಮೇಲೆ ಐವತ್ತು. ಕರುಳಿನ ಸೂಕ್ಷ್ಮಜೀವಿಗಳು ಹೊಸ ನಾರಿಗೆ ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಇದು ಸಣ್ಣ ವಿಷಯವಲ್ಲ ಅಂತ ಗೊತ್ತು.

ನವಣೆಯನ್ನು ತೊಳೆದು ಅರ್ಧ ಗಂಟೆಯಾದರೂ ನೆನೆಸಿ. ಕಲ್ಲಿದ್ದರೆ ನೀರಲ್ಲಿ ಗಾಲಿಸಿ ತೆಗೆಯಿರಿ. ಒಂದಕ್ಕೆರಡು ನೀರಿಟ್ಟು, ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ ಹತ್ತು ಹನ್ನೆರಡು ನಿಮಿಷ ಬೇಯಿಸಿ, ತಟ್ಟೆಗೆ ಹರಡಿ ಆರಿಸಿ. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದರೆ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಯಾಗಿರುತ್ತದೆ. ಅಂಗಡಿಯಲ್ಲಿ ಅಕ್ಕಿಯಂತೆ ಬೆಳ್ಳಗೆ ಮಿನುಗುವ ಸಾಮೆ, ನವಣೆ ಕಂಡರೆ ಅದಕ್ಕೆ ಪಾಲಿಷ್ ಜಾಸ್ತಿಯಾಗಿದೆ, ಮಾಸಲು ಬಣ್ಣದ್ದನ್ನು ಕೇಳಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲಂತೂ ಈ ಊರಿನಲ್ಲಿ ಸಿರಿಧಾನ್ಯ ಸಿಗದ ಬೀದಿ ಇಲ್ಲ; ಸಿರಿಧಾನ್ಯದ ಬಿಸ್ಕತ್ತೂ ಸಿಗುತ್ತದೆ. ಅದು ಬಿಸ್ಕತ್ತೇ.

ವಾರಕ್ಕೆ ಮೂರು ದಿನ ನವಣೆ ಬಿಟ್ಟು ರಾಗಿ ಶ್ಯಾವಿಗೆ ಹಾಕಿ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಅದೇ 2020ರ ಶಿಫಾರಸು ಹೇಳುತ್ತದೆ, ಉಳಿದ ವಯಸ್ಕರಿಗೆ 1000. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ, ಮೂವತ್ತೈದು ಗ್ರಾಂ ರಾಗಿ ಹಿಟ್ಟಿನ ಶ್ಯಾವಿಗೆಯಲ್ಲಿ 125ರಷ್ಟು. ಕೊಳ್ಳುವಾಗ ಪ್ಯಾಕೆಟ್ ಹಿಂದೆ ನೋಡಿ, ‘ರಾಗಿ ಶ್ಯಾವಿಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಒಳಗೆ ಮುಕ್ಕಾಲು ಪಾಲು ಗೋಧಿ ತುಂಬಿರುತ್ತಾರೆ. ಸೊಪ್ಪಿನಲ್ಲಿ ಪಾಲಕ್‌ ಬದಲು ನುಗ್ಗೆ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂ ಮೀರಿ ಇದೆ. ಬಿಡಿಸುವುದೇ ರಗಳೆ; ಸಂಜೆ ತಂದ ಕೊಂಬೆಯನ್ನು ಪೇಪರಿನಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕೊಡವಿದಾಗ ಎಲೆ ತಾನಾಗಿ ಉದುರುತ್ತದೆ. ಬನಶಂಕರಿಯಲ್ಲಿ ಯಾರದಾದರೂ ಖಾಲಿ ಸೈಟಿನಲ್ಲಿ ಒಂದು ನುಗ್ಗೆಮರ ಇದ್ದೇ ಇರುತ್ತದೆ, ಕೇಳಿ ಕೀಳಿರಿ. ಕಾಳಿನ ಒಗ್ಗರಣೆಗೇ ಸೊಪ್ಪು ಹಾಕಿ ಮೂರು ನಿಮಿಷ ಬಾಡಿಸಿದರೆ ಆಯಿತು. ಇಷ್ಟೆಲ್ಲ ಸೇರಿದರೂ ಬಟ್ಟಲಿನಿಂದ 1200 ತುಂಬುವುದಿಲ್ಲ, ಜೊತೆಗೆ ಒಂದು ಲೋಟ ಮಜ್ಜಿಗೆ, ರಾತ್ರಿ ಒಂದು ಲೋಟ ಹಾಲು ಬೇಕು. ಹಾಲು ಬಿಟ್ಟವರು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ನೋಡಬಹುದು.

ಮೇಲೆ ಹಾಕುವ ಗೊಜ್ಜು ಹೀಗೆ: ಹುರಿದ ಕಡಲೆಬೀಜ ಒಂದು ಚಮಚ, ಚಟಪಟ ಅನ್ನುವವರೆಗೆ ಹುರಿದ ಎಳ್ಳು ಒಂದು ಚಮಚ, ಕಡಲೆಗಾತ್ರದ ಬೆಲ್ಲ, ಉಪ್ಪು, ಸ್ವಲ್ಪ ನೀರು ಹಾಕಿ ರುಬ್ಬಿ, ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ. ಮನೆಯಲ್ಲಿ ಹುಚ್ಚೆಳ್ಳಿನ ಪುಡಿಯೋ ಅಗಸೆ ಚಟ್ನಿಪುಡಿಯೋ ಇದ್ದರೆ ರುಬ್ಬುವ ಕೆಲಸವೂ ಇಲ್ಲ, ಒಂದು ಚಮಚ ಮೇಲೆ ಉದುರಿಸಿ ನಿಂಬೆ ಹಿಂಡಿ. ನಿಂಬೆಯನ್ನು ಮಾತ್ರ ಮರೆಯಬೇಡಿ, ಕಾಳಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಅದರ ಸಿ ವಿಟಮಿನ್ ಬೇಕು. ಊಟವಾದ ಕೂಡಲೇ ಕಾಫಿ ಕುಡಿದರೆ ಆ ಲಾಭ ಹೋಯಿತು. ಒಂದು ಗಂಟೆ ತಡೆಯಿರಿ. ಬೆಂಗಳೂರಿನವಳಾಗಿ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಸಂಜೆ ಐದರ ನಂತರದ್ದು ಬಿಟ್ಟು ನೋಡಿ, ನಿದ್ದೆಗೆ ಏನಾದರೂ ವ್ಯತ್ಯಾಸವಾಗುತ್ತದೆಯೇ ಅಂತ.

ಸೋಯಾ ಬಗ್ಗೆ ಜನ ಎರಡು ಅತಿಗಳಲ್ಲಿ ಮಾತಾಡುತ್ತಾರೆ. ಅದರಲ್ಲಿರುವ, ಈಸ್ಟ್ರೊಜೆನ್ ಹೋಲುವ ಐಸೊಫ್ಲೇವೋನ್‌ಗಳು ಈಸ್ಟ್ರೊಜೆನ್‌ನ ಜಾಗದಲ್ಲಿ ಹೋಗಿ ಕೂರುವುದು ನಿಜ, ಆದರೆ ಅವುಗಳ ಬಲ ಬಹಳ ಕಡಿಮೆ. ಕೆಲವರ ಕರುಳಿನಲ್ಲಷ್ಟೇ ಅವುಗಳಲ್ಲೊಂದು ಈಕ್ವಾಲ್ ಎನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಕೆಲವರಿಗೆ ಗುಣ ಕಂಡು ಪಕ್ಕದವರಿಗೆ ಕಾಣದಿರಲು ಅದೂ ಒಂದು ಕಾರಣ ಇರಬಹುದು. 2021ರಲ್ಲಿ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ದಿನಕ್ಕೆ ಅರ್ಧ ಕಪ್ ಬೇಯಿಸಿದ ಸೋಯಾಕಾಳು ತಿಂದವರಿಗೆ ಮೂರು ತಿಂಗಳಲ್ಲಿ ಝಳ ಬಹಳ ಇಳಿಯಿತು. ಆದರೆ ಅವರು ಅದೇ ಹೊತ್ತಿಗೆ ಎಣ್ಣೆ ತೀರಾ ಕಡಿಮೆ ಮಾಡಿ, ಹಾಲು ಮೊಸರು ಮಾಂಸ ಎಲ್ಲ ಬಿಟ್ಟಿದ್ದರು. ಇಳಿಸಿದ್ದು ಯಾವುದು ಎಂದು ಹೇಗೆ ಹೇಳುವುದು? ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಝಳಕ್ಕೆ ಸೋಯಾವನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಿಲ್ಲ. ಆದ್ದರಿಂದ ತೋಫುವನ್ನು ಪ್ರೋಟೀನಿಗಾಗಿ ತಿನ್ನಿ. ಝಳ ಇಳಿದರೆ ಅದು ಮೇಲುಗಳಿಕೆ. ರಾತ್ರಿ ನಿದ್ದೆಯೇ ಕೆಡುವಷ್ಟು ಝಳ ಇದ್ದರೆ ಸ್ತ್ರೀರೋಗ ತಜ್ಞರನ್ನು ಕಂಡು ಹಾರ್ಮೋನ್ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಕೇಳಿ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಊಟ ನನ್ನ ಅಡುಗೆಮನೆಯಲ್ಲಿಲ್ಲ.

ಥೈರಾಯ್ಡ್ ಇದ್ದವರು ಸೋಯಾ ಮುಟ್ಟಬಾರದು ಎನ್ನುವುದು ಅರ್ಧ ಸತ್ಯ. ಸೋಯಾ ತೊಂದರೆ ಕೊಡುವುದು ಮುಖ್ಯವಾಗಿ ಮಾತ್ರೆ ಹೀರಿಕೊಳ್ಳುವುದಕ್ಕೆ. ನೀವು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ತಡೆದು, ಮಧ್ಯಾಹ್ನ ಒಂದೂವರೆಗೆ ತೋಫು ತಿಂದರೆ ನಡುವೆ ಬೇಕಾದಷ್ಟು ಅಂತರ ಇದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಒಂದು ವಾರ ದಿನಾ ಸೋಯಾ, ಮುಂದಿನ ವಾರ ಇಲ್ಲವೇ ಇಲ್ಲ ಎಂದು ಮಾಡಬೇಡಿ, ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಮುಂದಿನ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆಯ ಹೊತ್ತಿಗೆ ವೈದ್ಯರಿಗೆ ಹೇಳಿ. ತೋಫು ಕೊಳ್ಳುವಾಗ ಪದಾರ್ಥಗಳ ಪಟ್ಟಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಇದ್ದರೆ ಅದನ್ನೇ ತನ್ನಿ, ಮೂಳೆಗೂ ಅಷ್ಟು ಸೇರಿತು. ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಮೇಲೆ ಚಪಾತಿ ಮಣೆ ಇಟ್ಟು ನೀರು ಹಿಂಡಿಸಿ, ಅರಿಸಿನ, ಮೆಣಸಿನಪುಡಿಯಲ್ಲ, ಕಾಳುಮೆಣಸು ಸವರಿ ಕಾವಲಿ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ. ತೋಫು ರುಚಿ ಹಿಡಿಸದಿದ್ದರೆ ಇಪ್ಪತ್ತು ಗ್ರಾಂ ಸೋಯಾ ಚಂಕ್ಸ್ ಬಿಸಿನೀರಲ್ಲಿ ನೆನೆಸಿ ಹಿಂಡಿ ಹಾಕಿ, ಹತ್ತು ಗ್ರಾಂ ಪ್ರೋಟೀನ್ ಬರುತ್ತದೆ.

ಡಿಸೆಂಬರ್, ಜನವರಿ ಬಂತೆಂದರೆ ಇದೆಲ್ಲ ಬದಿಗಿಟ್ಟು ಅವರೆಕಾಯಿ ತನ್ನಿ. ಗಾಂಧಿಬಜಾರಿನಲ್ಲಿ ರಾಶಿ ಮುಂದೆ ನಿಂತು ಒಂದು ಕಾಯಿ ಮುರಿದು ಮೂಸಿ, ಬೆರಳಿಗೆ ಸೊಗಡಿನ ಅಂಟು ಹತ್ತಿದರೆ ಮಾತ್ರ ಚೌಕಾಸಿ ಶುರು ಮಾಡಿ. ಹಸಿ ಅವರೆಯಲ್ಲಿ ನೀರಿನಂಶ ಜಾಸ್ತಿ, ಆದ್ದರಿಂದ ಬಿಡಿಸಿದ ಕಾಳು ಒಂದೂವರೆ ಲೋಟ ಬೇಕು. ಹಿತುಕಿದ ಬೇಳೆಯಾದರೆ ಗ್ಯಾಸ್ ಕಡಿಮೆ. ನಾರೂ ಸಿಪ್ಪೆಯ ಜೊತೆ ಹೋಗುತ್ತದೆ. ಆ ಎರಡು ತಿಂಗಳು ಹೋದರೆ ಹೋಗಲಿ.

ಬಟ್ಟಲಿನಾಚೆಗಿನ ಮೂರು ವಿಷಯ ಚುಟುಕಾಗಿ. ಪೂರ್ತಿ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮಾತ್ರ ಋತುಬಂಧ ಆಯಿತು ಅನ್ನುವುದು; ನಿಮಗೆ ಏಳು ತಿಂಗಳಾಗಿದೆ, ನಡುವೆ ಮತ್ತೆ ಬರಬಹುದು, ಗರ್ಭ ನಿಲ್ಲುವ ಸಾಧ್ಯತೆಯೂ ಪೂರಾ ಹೋಗಿಲ್ಲ. ಹನ್ನೆರಡು ತಿಂಗಳು ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರ ಬಳಿ ಹೋಗಬೇಕು. ಬಿ12 ಸಸ್ಯಾಹಾರದ ಯಾವ ಕಾಳಿನಲ್ಲೂ ಇಲ್ಲ, ಡಿ ವಿಟಮಿನ್ ಅಪಾರ್ಟ್‌ಮೆಂಟು, ಆಫೀಸು, ಕಾರು ಎಂದು ನೆರಳಿನಲ್ಲೇ ಓಡಾಡುವವರಿಗೆ ಬಹಳ ಸಲ ಕಡಿಮೆ ಇರುತ್ತದೆ, ಎರಡನ್ನೂ ಪರೀಕ್ಷೆ ಮಾಡಿಸಿ. ಇನ್ನು ತೊಡೆ: ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುವುದು ಹೃದಯಕ್ಕೆ ಒಳ್ಳೆಯದು, ಸ್ನಾಯು ಗಟ್ಟಿಯಾಗಲು ಭಾರ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಅದು ಸಲೀಸಾದ ಮೇಲೆ ಎರಡು ಕೆ.ಜಿ. ರಾಗಿ ಹಿಟ್ಟಿನ ಪ್ಯಾಕೆಟ್ಟನ್ನು ಎದೆಗವಚಿಕೊಂಡು ಅದನ್ನೇ ಮಾಡಿ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಆರಿಸಿಕೊಳ್ಳಿ.

ಅತ್ತೆಯವರು ಧಾರಾಳವಾಗಿ ಇದನ್ನೇ ತಿನ್ನಬಹುದು, ಅವರ ವಯಸ್ಸಿಗೆ ಪ್ರೋಟೀನ್ ನಿಮಗಿಂತ ಹೆಚ್ಚು ಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಬೆಲ್ಲ ಬಿಡಿ, ಕಿಡ್ನಿಯ ತೊಂದರೆ ಇದ್ದರೆ ಮೊದಲು ಅವರ ವೈದ್ಯರನ್ನು ಕೇಳಿ. ಹಲ್ಲು ಸರಿಯಿಲ್ಲದಿದ್ದರೆ ಹೆಸರುಕಾಳನ್ನು ಇನ್ನೂ ಐದು ನಿಮಿಷ ಬೇಯಿಸಿ ಸೌಟಿನಲ್ಲಿ ಮಸೆಯಿರಿ, ತೋಫು ಕೈಯಲ್ಲಿ ಪುಡಿ ಮಾಡಿ, ನವಣೆಗೆ ನೀರು ಇನ್ನರ್ಧ ಲೋಟ ಜಾಸ್ತಿ ಇಡಿ. ಅವರ ಪಾಲಿಗೆ ಹುರುಳಿ ಹಾಕಬೇಡಿ. ಆದರೆ ರಾತ್ರಿ ಅದೇ ಹುರುಳಿ ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದಾಗ ಒಂದು ಸೌಟು ಬಡಿಸಿ ನೋಡಿ, ಏನಂತಾರೆ ಅಂತ ನನಗೂ ಬರೆಯಿರಿ.